‘ಷ’ದ ಹೊಟ್ಟೆ ಮತ್ತು 4ಕೆ ಮಾನಿಟರು

4ಕೆ, 5ಕೆ, 8ಕೆ ಮಾನಿಟರುಗಳ ಜಾಹೀರಾತಿನಲ್ಲಿ ಸಾಮಾನ್ಯವಾಗಿ ಗಿಳಿಯ ರೆಕ್ಕೆಯೋ ಹಿಮದ ಬೆಟ್ಟವೋ ಇರುತ್ತದೆ. ಅಕ್ಷರ ಇರುವುದಿಲ್ಲ. ಆದರೆ ದಿನಕ್ಕೆ ಎಂಟು ಗಂಟೆ ಪರದೆ ಮುಂದೆ ಕೂರುವ ನಮ್ಮಂಥವರು ನೋಡೋದು ಗಿಳಿಯನ್ನಲ್ಲ, ಅಕ್ಷರವನ್ನು. ಪಿಕ್ಸೆಲ್ಲುಗಳ ಚರಿತ್ರೆಯನ್ನು ಕನ್ನಡದ ಕಡೆಯಿಂದ ನೋಡಿದರೆ ಬೇರೆಯದೇ ಕತೆ ಕಾಣುತ್ತದೆ.

ಹೊಳಲ್ಕೆರೆ ತಾಲ್ಲೂಕಿನ ನಮ್ಮೂರು ತಾಳ್ಯದಲ್ಲಿ ‘ಹೊಟ್ಟೆ ಸೀಳಿದ ಷ’ ಅಂತಲೇ ನಾವು ಅಕ್ಷರ ಕಲಿತದ್ದು. ‘ಪ’ಕ್ಕೂ ‘ಷ’ಕ್ಕೂ ಇರುವ ವ್ಯತ್ಯಾಸ ಹೊಟ್ಟೆಯೊಳಗಿನ ಒಂದು ಗೆರೆ. ‘ದ’ದ ಬುಡ ಸೀಳಿದರೆ ‘ಧ’, ಅದರೊಳಗೆ ಚುಕ್ಕೆ ಇಟ್ಟರೆ ‘ಥ’. ಸಾಲದ್ದಕ್ಕೆ ಒತ್ತಕ್ಷರ ಬೇರೆ. ‘ರಾಷ್ಟ್ರ’ ಅನ್ನೋ ಪದದಲ್ಲಿ ‘ಷ’ದ ಕೆಳಗೆ ‘ಟ’ ಒತ್ತು, ಅದಕ್ಕಂಟಿಕೊಂಡು ‘ರ’ ಒತ್ತು.

1981ರ ಐಬಿಎಂ ಪಿಸಿಯ ಸಿಜಿಎ ಪರದೆಯಲ್ಲಿ ಒಂದು ಅಕ್ಷರಕ್ಕೆ ಸಿಗುತ್ತಿದ್ದದ್ದು 8×8 ಚುಕ್ಕೆಗಳ ಮನೆ. ಇಂಗ್ಲಿಷಿನ ‘ಎ’ ಅದರಲ್ಲಿ ಆರಾಮಾಗಿ ಕೂರುತ್ತದೆ. ಕನ್ನಡಕ್ಕೆ ಅಲ್ಲಿ ಕಾಲಿಡಲೂ ಜಾಗವಿಲ್ಲ. ಡಾಸ್ ಕಾಲದಲ್ಲಿ ನಮ್ಮ ಲಿಪಿಗಳನ್ನು ತೋರಿಸಲು ಸಿ-ಡ್ಯಾಕ್‌ನ ‘ಜಿಸ್ಟ್’ ಕಾರ್ಡನ್ನು ಕಂಪ್ಯೂಟರಿಗೆ ಬೇರೆಯಾಗಿ ಸಿಕ್ಕಿಸಬೇಕಿತ್ತು. 1998ರಲ್ಲಿ ಶೇಷಾದ್ರಿವಾಸು ಅವರ ‘ಬರಹ’ ಬಂತು. 2001ರ ವಿಂಡೋಸ್ ಎಕ್ಸ್‌ಪಿಯಲ್ಲಿ ‘ತುಂಗಾ’ ಫಾಂಟ್ ಬಂತು. ತಂತ್ರಾಂಶ ತಯಾರಾಯಿತು, ಪರದೆ ಮಾತ್ರ ಇಂಚಿಗೆ ಸುಮಾರು 96 ಪಿಕ್ಸೆಲ್‌ನಲ್ಲೇ ನಿಂತಿತ್ತು.

ಲೆಕ್ಕ ಸುಲಭ. 12 ಪಾಯಿಂಟ್ ಅಂದ್ರೆ ಇಂಚಿನ ಆರನೇ ಒಂದು ಭಾಗ. ಆ ಪರದೆಯಲ್ಲಿ ಅದಕ್ಕೆ ಸಿಗುವುದು 16 ಸಾಲು. ತಲೆಕಟ್ಟು, ಹೊಟ್ಟೆ, ಒತ್ತು ಎಲ್ಲವೂ ಅಷ್ಟರಲ್ಲೇ ಮುಗಿಯಬೇಕು. ‘ಷ’ದ ಹೊಟ್ಟೆ ಸೀಳೋದಿರಲಿ, ಅದು ಹೊಟ್ಟೆ ಅಂತ ಗೊತ್ತಾದರೆ ಸಾಕು! ಮೈಕ್ರೋಸಾಫ್ಟ್ ‘ಕ್ಲಿಯರ್‌ಟೈಪ್’ ಅನ್ನೋ ಉಪಾಯ ಮಾಡಿತು. ಪ್ರತಿ ಪಿಕ್ಸೆಲ್ಲಿನೊಳಗಿನ ಕೆಂಪು, ಹಸಿರು, ನೀಲಿ ಪಟ್ಟಿಗಳನ್ನು ಬೇರೆ ಬೇರೆಯಾಗಿ ಬಳಸುವ ಜಾಣತನ ಅದು. ಆದರೆ ಆ ಪಟ್ಟಿಗಳು ಅಕ್ಕಪಕ್ಕ ಇರುವುದರಿಂದ ಅಡ್ಡಡ್ಡಕ್ಕೆ ಮಾತ್ರ ಲಾಭ. ನಮ್ಮ ಒತ್ತು ಇರೋದು ಕೆಳಗೆ.

ಅದೇ 2001ರಲ್ಲಿ ಐಬಿಎಂ ‘ಟಿ220’ ಮಾನಿಟರನ್ನು ಮಾರುಕಟ್ಟೆಗೆ ತಂದಿತು. 22.2 ಇಂಚು, 3840×2400 ಪಿಕ್ಸೆಲ್, ಇಂಚಿಗೆ 204. ಅಂದ್ರೆ ನಮ್ಮ 12 ಪಾಯಿಂಟ್ ಅಕ್ಷರಕ್ಕೆ 34 ಸಾಲು. ಬೆಲೆ ಸುಮಾರು 22,000 ಡಾಲರ್, ಆಗಿನ ಲೆಕ್ಕದಲ್ಲಿ ಹತ್ತು ಲಕ್ಷ ರೂಪಾಯಿ. ಅಷ್ಟು ಪಿಕ್ಸೆಲ್ಲುಗಳಿಗೆ ಒಂದೇ ಕೇಬಲ್‌ನಲ್ಲಿ ಪೂರ್ತಿ ವೇಗದಲ್ಲಿ ಚಿತ್ರ ಕಳಿಸಲು ಆಗುತ್ತಿರಲಿಲ್ಲ. ಬಹುತೇಕ ತಂತ್ರಾಂಶಗಳೂ 96ನ್ನೇ ನಂಬಿಕೊಂಡಿದ್ದರಿಂದ ಮೆನು, ಬಟನ್ ಎಲ್ಲ ಇರುವೆಯಷ್ಟಾಗುತ್ತಿದ್ದವು. 2005ರ ಹೊತ್ತಿಗೆ ಆ ಸರಣಿಯೇ ನಿಂತಿತು. ಆಮೇಲೆ ಕಚೇರಿಗಳಿಗೆ ಬಂದ 24 ಇಂಚಿನ ಫುಲ್ ಎಚ್‌ಡಿ ಪರದೆಯಲ್ಲಿ ಇಂಚಿಗೆ 92. ಟೀವಿಗೆ ಒಪ್ಪುವ ಅಳತೆ ಓದುವವರ ತಲೆಗೆ ಬಂತು.

ಬದಲಾವಣೆ ಬಂದದ್ದು ಜೇಬಿನಿಂದ. 2010ರಲ್ಲಿ ಐಫೋನ್ 4 ಇಂಚಿಗೆ 326 ಪಿಕ್ಸೆಲ್ ತಂದಿತು. 2012ರ ಆಂಡ್ರಾಯ್ಡ್ 4.1ರಲ್ಲಿ ಕನ್ನಡಕ್ಕೆ ಜಾಗ ಸಿಕ್ಕಿತು. ಕೆಲವೇ ವರ್ಷದಲ್ಲಿ ಐದು ಇಂಚಿನ ಅಗ್ಗದ ಎಚ್‌ಡಿ ಫೋನುಗಳು ಬಂದವು, ಇಂಚಿಗೆ 294. ಬೆಂಗಳೂರಿನ ಎಸಿ ಆಫೀಸಿನಲ್ಲಿ ನಾನು ನೋಡುತ್ತಿದ್ದ ಕನ್ನಡಕ್ಕಿಂತ, ತಾಳ್ಯದ ಕಟ್ಟೆ ಮೇಲೆ ಕೂತು ನಮ್ಮಪ್ಪ ಫೋನಿನಲ್ಲಿ ಓದುತ್ತಿದ್ದ ಕನ್ನಡ ಮೂರು ಪಟ್ಟು ಸ್ಪಷ್ಟವಾಗಿತ್ತು. 2014ರಲ್ಲಿ ಆಪಲ್, ಡೆಲ್‌ಗಳ 5ಕೆ ಪರದೆ, 2017ರಲ್ಲಿ ಡೆಲ್‌ನ 32 ಇಂಚಿನ 8ಕೆ ಪರದೆ ಬಂದಮೇಲೆ ಮೇಜಿನ ಮೇಲೂ ಆ ಸ್ಪಷ್ಟತೆ ಸಾಧ್ಯವಾಯಿತು.

‘ಕಂಪ್ಯೂಟರಲ್ಲಿ ಕನ್ನಡ ಓದೋಕೆ ಕಣ್ಣು ನೋಯುತ್ತೆ, ಇಂಗ್ಲಿಷೇ ಸಲೀಸು’ ಅನ್ನುವ ಗೆಳೆಯರು ನನಗೆ ತುಂಬಾ ಜನ ಇದ್ದಾರೆ. ಅವರ ಕಣ್ಣು ಸುಳ್ಳು ಹೇಳುತ್ತಿಲ್ಲ. ಆದರೆ ತಪ್ಪು ಲಿಪಿಯದ್ದೂ ಅಲ್ಲ, ಓದುವವರದ್ದೂ ಅಲ್ಲ. ಇಂಗ್ಲಿಷಿಗೆ ಸಾಕಾಗುವ 16 ಸಾಲನ್ನೇ ಎಲ್ಲ ಭಾಷೆಗೂ ಸಾಕು ಅಂದುಕೊಂಡ ಅಳತೆಯದ್ದು. ಆ ಅಳತೆಯಿಂದಾಗಿ ಒಂದಿಡೀ ತಲೆಮಾರು ಕೆಲಸದ ಪರದೆಯಲ್ಲಿ ಕನ್ನಡ ಓದುವ ರೂಢಿಯನ್ನೇ ಬಿಟ್ಟಿತೇನೋ ಅಂತ ನನಗನ್ನಿಸುತ್ತದೆ.

ಮುಂದಿನ ಸಲ ಮಾನಿಟರು ಕೊಳ್ಳುವಾಗ ಎಷ್ಟು ಇಂಚು, ಎಷ್ಟು ಕೆ ಅಂತ ಮಾತ್ರ ಕೇಳಬೇಡಿ. ಇಂಚಿಗೆ ಎಷ್ಟು ಪಿಕ್ಸೆಲ್ ಅಂತ ಕೇಳಿ. ಅಂಗಡಿಯವನು ಗಿಳಿ ತೋರಿಸಿದರೆ, 12 ಪಾಯಿಂಟ್‌ನಲ್ಲಿ ‘ರಾಷ್ಟ್ರ’ ಅಂತ ಟೈಪ್ ಮಾಡಿ ನೋಡಿ. ‘ಷ’ದ ಹೊಟ್ಟೆಯ ಗೆರೆ, ಕೆಳಗಿನ ಎರಡು ಒತ್ತು ಬಿಡಿಬಿಡಿಯಾಗಿ ಕಂಡರೆ ಧಾರಾಳವಾಗಿ ಕೊಳ್ಳಿ.