ಆಕಾಶದ ವಿಳಾಸ ಬರೆದಿಟ್ಟವನು

ಆಕಾಶ ನೋಡುವ ಹುಚ್ಚಿರುವ ಹಳಬರನ್ನು ಕೇಳಿ ನೋಡಿ. 'ಬರ್ನಮ್' ಅಂದ ಕೂಡಲೇ ಅವರಿಗೆ ನೆನಪಾಗುವುದು ಒಂದು ಪುಸ್ತಕ. 'ಬರ್ನಮ್‌ನಲ್ಲಿ ನೋಡು' ಅಂತಾರೆ, ನಾವು 'ಕಿಟೆಲ್‌ನಲ್ಲಿ ನೋಡು' ಅನ್ನೋ ಹಾಗೆ. 'ಬರ್ನಮ್ಸ್ ಸೆಲೆಸ್ಟಿಯಲ್ ಹ್ಯಾಂಡ್‌ಬುಕ್' ಅಂತ ಪೂರ್ತಿ ಹೆಸರು. ಮೂರು ಸಂಪುಟ, ಎರಡು ಸಾವಿರ ದಾಟುವ ಪುಟಗಳು. 1978ರಲ್ಲಿ ಅಮೆರಿಕದ ಡೋವರ್ ಪ್ರಕಾಶನ ಹೊರತಂದ ಈ ಪುಸ್ತಕ ಮುಂದೆ ಎಷ್ಟೋ ವರ್ಷ ಹವ್ಯಾಸಿಗಳ ಮೇಜಿನ ಮೇಲೆ ಟೆಲಿಸ್ಕೋಪಿನ ಜೊತೆಗೇ ಇತ್ತು. ಆದರೆ ಅದನ್ನು ಬರೆದವನ ಕತೆ ಬಹಳ ಜನಕ್ಕೆ ಗೊತ್ತಿಲ್ಲ. ನನಗೆ ಪುಸ್ತಕದಷ್ಟೇ ಕಾಡಿದ್ದು ಆ ಕತೆ.

ಮೊದಲು ಪುಸ್ತಕದ ವಿಷಯ ಹೇಳಿಬಿಡ್ತೀನಿ. ಇದರಲ್ಲಿ ಸೂರ್ಯ, ಚಂದ್ರ, ಗ್ರಹಗಳಿಗೆ ಜಾಗವಿಲ್ಲ. ಸೌರವ್ಯೂಹದ ಆಚೆ ಇರುವುದಕ್ಕಷ್ಟೇ ಪ್ರವೇಶ. ಆಕಾಶದ 88 ನಕ್ಷತ್ರಪುಂಜಗಳನ್ನು ಅವುಗಳ ಲ್ಯಾಟಿನ್ ಹೆಸರಿನ ಅಕ್ಷರಕ್ರಮದಲ್ಲಿ, ಆಂಡ್ರೊಮಿಡಾದಿಂದ ವಲ್ಪೆಕ್ಯುಲಾವರೆಗೆ ಜೋಡಿಸಲಾಗಿದೆ. ಪ್ರತಿ ಪುಂಜಕ್ಕೂ ಮೊದಲು ಪಟ್ಟಿಗಳು: ಜೋಡಿ ನಕ್ಷತ್ರಗಳು, ಬೆಳಕು ಏರಿಳಿಯುವ ನಕ್ಷತ್ರಗಳು, ಆಮೇಲೆ ಗುಚ್ಛ, ನೀಹಾರಿಕೆ, ಗೆಲಾಕ್ಸಿಗಳು. ಎಲ್ಲ ಸೇರಿ ಏಳು ಸಾವಿರಕ್ಕೂ ಹೆಚ್ಚು. ಮನೆಯ ತಾರಸಿ ಮೇಲೆ ಸಣ್ಣ ಟೆಲಿಸ್ಕೋಪ್ ಇಟ್ಟುಕೊಂಡವನಿಗೆ ಇದಕ್ಕಿಂತ ಒಳ್ಳೆಯ ವಿಳಾಸ ಪುಸ್ತಕ ಸಿಗುತ್ತಿರಲಿಲ್ಲ.

ನಿಜವಾದ ಮಜಾ ಇರುವುದು ಪಟ್ಟಿ ಮುಗಿದ ಮೇಲೆ. ಲುಬ್ಧಕದಂಥ ಒಂದು ನಕ್ಷತ್ರ ಸಿಕ್ಕರೆ ಸಾಕು, ಬರ್ನಮ್ ಪುಟಗಟ್ಟಲೆ ಬರೆಯುತ್ತಾನೆ. ಅದರ ಓಲಾಟ ನೋಡಿ 1844ರಲ್ಲಿ ಬೆಸೆಲ್ ಕಣ್ಣಿಗೆ ಕಾಣದ ಒಬ್ಬ ಸಂಗಾತಿ ಇರಬೇಕು ಅಂದದ್ದು, 1862ರಲ್ಲಿ ಆಲ್ವನ್ ಗ್ರಹಾಂ ಕ್ಲಾರ್ಕ್ ಅದನ್ನು ಕಣ್ಣಾರೆ ಕಂಡದ್ದು, ಇಂಥ ವಿಷಯಗಳೆಲ್ಲ ಅವನಿಗೆ ಬೇಕು. ಪುರಾಣ ಬರುತ್ತೆ, ಕವಿತೆ ಬರುತ್ತೆ, ಹಳೆಯ ನಾಣ್ಯಗಳು ಬರುತ್ತವೆ. ಪಕ್ಕದಲ್ಲೇ ಫೋಟೊ, ಹುಡುಕುನಕ್ಷೆ, ಲೆಕ್ಕದ ಕೋಷ್ಟಕ. ಡೋವರ್ ಪ್ರತಿಯ ಪುಟ ತೆರೆದರೆ ಟೈಪ್‌ರೈಟರಿನ ಅಕ್ಷರ ಹಾಗೇ ಉಳಿದಿದೆ. ಒಬ್ಬ ಮನುಷ್ಯ ಕೂತು ಕುಟ್ಟಿದ ಪುಸ್ತಕ ಇದು ಅಂತ ನೋಡಿದರೇ ಗೊತ್ತಾಗುತ್ತೆ.

ಆ ಮನುಷ್ಯ ಯಾರು? ರಾಬರ್ಟ್ ಬರ್ನಮ್ ಜೂನಿಯರ್. 1931ರಲ್ಲಿ ಶಿಕಾಗೋದಲ್ಲಿ ಹುಟ್ಟಿದ, ಅರಿಜೋನಾದ ಪ್ರೆಸ್ಕಾಟ್ ಎಂಬ ಸಣ್ಣ ಊರಲ್ಲಿ ಬೆಳೆದ. ಓದಿದ್ದು ಹೈಸ್ಕೂಲಿನವರೆಗೆ, ಕಾಲೇಜಿನ ಮೆಟ್ಟಿಲು ಹತ್ತಲಿಲ್ಲ. ಬಲು ಸಂಕೋಚದ ಸ್ವಭಾವ. ರಾತ್ರಿಯಾದರೆ ತನ್ನದೇ ಟೆಲಿಸ್ಕೋಪಿನ ಮುಂದೆ ಕೂರುತ್ತಿದ್ದ. 1957ರಲ್ಲಿ ಹಾಗೆ ಕೂತವನಿಗೆ ಒಂದು ಧೂಮಕೇತು ಸಿಕ್ಕಿತು. ಆ ಸುದ್ದಿ ಅವನ ಬದುಕನ್ನೇ ಬದಲಿಸಿತು. ಮರುವರ್ಷವೇ ಫ್ಲ್ಯಾಗ್‌ಸ್ಟಾಫ್‌ನ ಲೊವೆಲ್ ವೀಕ್ಷಣಾಲಯ ಅವನನ್ನು ಕೆಲಸಕ್ಕೆ ಕರೆಯಿತು.

ಕೆಲಸ ಏನಪ್ಪಾ ಅಂದ್ರೆ, 1930ರಲ್ಲಿ ಪ್ಲೂಟೊ ಕಂಡುಹಿಡಿದ ಕ್ಲೈಡ್ ಟೊಂಬಾ ಅದೇ ವೀಕ್ಷಣಾಲಯದಲ್ಲಿ 13 ಇಂಚಿನ ಟೆಲಿಸ್ಕೋಪಿನಿಂದ ಆಕಾಶದ ಫೋಟೊಗಳನ್ನು ಗಾಜಿನ ಫಲಕಗಳ ಮೇಲೆ ತೆಗೆದಿಟ್ಟಿದ್ದ. ಸುಮಾರು ಮೂವತ್ತು ವರ್ಷ ಬಿಟ್ಟು ಅದೇ ಟೆಲಿಸ್ಕೋಪಿನಿಂದ ಅದೇ ಜಾಗಗಳನ್ನು ಮತ್ತೆ ತೆಗೆಯುವುದು. ಹಳೆಯದು, ಹೊಸದು ಎರಡನ್ನೂ ಒಂದು ಯಂತ್ರದಲ್ಲಿಟ್ಟು ಒಂದಾದ ಮೇಲೊಂದರಂತೆ ಪಟಪಟನೆ ನೋಡುವುದು. ಕದಲದ ನಕ್ಷತ್ರ ಕೂತಲ್ಲೇ ಕೂತಿರುತ್ತೆ, ಕದಲಿದ್ದು ಆಚೀಚೆ ಕುಪ್ಪಳಿಸುತ್ತೆ. ಕುಪ್ಪಳಿಸುವುದು ಎಷ್ಟು ಅಂತೀರಿ? ಅತಿ ವೇಗದ್ದೆನ್ನುವ ಬರ್ನಾರ್ಡ್ ನಕ್ಷತ್ರ ಕೂಡ ಚಂದ್ರನ ಅಗಲದಷ್ಟು ಸರಿಯಲು ಸುಮಾರು 180 ವರ್ಷ ಬೇಕು. ಉಳಿದವುಗಳದ್ದು ಕೂದಲೆಳೆಯಷ್ಟು. ಜೊತೆಗಾರ ನಾರ್ಮನ್ ಥಾಮಸ್ ಜೊತೆ ಬರ್ನಮ್ ಇಪ್ಪತ್ತು ವರ್ಷ ಈ ಕೆಲಸ ಮಾಡಿದ. ಜಾಗ ಬದಲಿಸಿದ ಸಾವಿರಾರು ನಕ್ಷತ್ರ ಸಿಕ್ಕವು, ಕ್ಷುದ್ರಗ್ರಹಗಳು ಸಿಕ್ಕವು, ಇನ್ನಷ್ಟು ಧೂಮಕೇತುಗಳೂ ಸಿಕ್ಕವು.

ಹ್ಯಾಂಡ್‌ಬುಕ್ ವೀಕ್ಷಣಾಲಯದ ಯೋಜನೆಯಾಗಿರಲಿಲ್ಲ. ಅದು ಬಿಡುವಿನ ಹೊತ್ತಿನ ಕೆಲಸ. ತನಗಾಗಿ ಮಾಡಿಟ್ಟುಕೊಂಡಿದ್ದ ಟಿಪ್ಪಣಿಗಳೇ ಬೆಳೆದು ಪುಸ್ತಕವಾದವು. 1966ರಿಂದ ಅವನೇ ಬಿಡಿಹಾಳೆಗಳ ಕಂತುಗಳಾಗಿ ಪ್ರಕಟಿಸತೊಡಗಿದ. ದೊಡ್ಡ ಪ್ರಕಾಶಕರು ಬಂದದ್ದು ಹನ್ನೆರಡು ವರ್ಷದ ಮೇಲೆ.

ಪುಸ್ತಕ ಬಂದ ಮರುವರ್ಷ, 1979ರಲ್ಲಿ, ನಕ್ಷತ್ರಗಳ ಆ ಸಮೀಕ್ಷೆ ಮುಗಿಯಿತು. ಕೆಲಸ ಮುಗಿದ ಮೇಲೆ ಸಂಬಳವೂ ನಿಂತಿತು. ಯಾರನ್ನು ಬೈಯೋಣ ಹೇಳಿ? ಯೋಜನೆಗೆ ಅಂತ ತೆಗೆದುಕೊಂಡವರನ್ನು ಯೋಜನೆ ಮುಗಿದ ಮೇಲೆ ಕಳಿಸುವುದು ಎಲ್ಲ ಕಡೆ ನಡೆಯುವುದೇ. ಮುಂಚಿತವಾಗಿ ತಿಳಿಸಿಯೂ ಇದ್ದರು. ಆದರೆ ಡಿಗ್ರಿ ಇಲ್ಲದ, ನಾಲ್ಕು ಜನರ ಮುಂದೆ ಬಾಯಿ ಬಿಡಲು ಹಿಂಜರಿಯುವ ನಲವತ್ತೆಂಟರ ಮನುಷ್ಯ ಎಲ್ಲಿಗೆ ಹೋಗಬೇಕು? ಅವನ ಪುಸ್ತಕ ಓದಿ ಖಗೋಳಕ್ಕೆ ಒಲಿದವರು ಎಷ್ಟೋ ಜನ, ಅವನಿಗೆ ಮಾತ್ರ ಆ ಲೋಕದಲ್ಲಿ ಇನ್ನೊಂದು ಕುರ್ಚಿ ಸಿಗಲಿಲ್ಲ. ರಾಯಲ್ಟಿ ಬರುತ್ತಿತ್ತು, ಅದು ಬದುಕಿಗೆ ಸಾಲುತ್ತಿರಲಿಲ್ಲ.

1986ರಲ್ಲಿ ಬರ್ನಮ್ ಯಾರಿಗೂ ಹೇಳದೆ ಊರು ಬಿಟ್ಟ. ಕೊನೆಯ ವರ್ಷಗಳು ಕಳೆದದ್ದು ಕ್ಯಾಲಿಫೋರ್ನಿಯಾದ ಸ್ಯಾನ್ ಡಿಯಾಗೋದಲ್ಲಿ. ಅಲ್ಲಿನ ಬಾಲ್ಬೋವಾ ಪಾರ್ಕಿನಲ್ಲಿ ತಾನೇ ಬಿಡಿಸಿದ ಬೆಕ್ಕಿನ ಚಿತ್ರಗಳನ್ನು ಮಾರುತ್ತಿದ್ದ. ಅದೇ ಪಾರ್ಕಿನಲ್ಲಿ ಬಾಹ್ಯಾಕಾಶದ ಚಿತ್ರ ತೋರಿಸುವ ದೊಡ್ಡ ವಿಜ್ಞಾನ ಕೇಂದ್ರವೂ ಇದೆ. 1993ರ ಮಾರ್ಚಿನಲ್ಲಿ ತೀರಿಕೊಂಡಾಗ ಅವನಿಗೆ 61 ವರ್ಷ. ಮನೆಯವರಿಗೇ ಸುದ್ದಿ ಮುಟ್ಟಲು ಎರಡು ವರ್ಷ ಹಿಡಿಯಿತು. 'ಅಸ್ಟ್ರಾನಮಿ' ಪತ್ರಿಕೆಯಲ್ಲಿ ಇದೇ ಹೆಸರಿನ ಇನ್ನೊಬ್ಬ ಸಂಪಾದಕರಿದ್ದರು. ಓದುಗರಲ್ಲಿ ಅನೇಕರು ಇಬ್ಬರೂ ಒಬ್ಬನೇ ಅಂದುಕೊಂಡಿದ್ದರು, ಹಾಗಾಗಿ ಒಬ್ಬ ಕಾಣೆಯಾದದ್ದು ಅವರ ಗಮನಕ್ಕೆ ಬರಲೇ ಇಲ್ಲ. 1997ರಲ್ಲಿ ಟೋನಿ ಒರ್ಟೆಗಾ ಎಂಬ ಪತ್ರಕರ್ತ ಬೆನ್ನುಹತ್ತಿ ಬರೆದ ಮೇಲೇ ಪೂರ್ತಿ ಕತೆ ಹೊರಬಿತ್ತು.

ಎರಡು ಫೋಟೊ ಇಟ್ಟು ಯಾರು ಜಾಗ ಬದಲಿಸಿದರು ಅಂತ ಹುಡುಕುವುದೇ ಅವನ ಕೆಲಸವಾಗಿತ್ತು. ಅವನು ಜಾಗ ಬದಲಿಸಿದಾಗ ಹುಡುಕಿ ಕಂಡುಹಿಡಿಯುವವರು ಇರಲಿಲ್ಲ. ಇದು ಬರೀ ಅಮೆರಿಕದ ಕತೆ ಅಂತ ನನಗೆ ಅನ್ನಿಸುವುದಿಲ್ಲ. ನಿಘಂಟು, ಕೋಶ, ಕೈಪಿಡಿ ಇವೆಲ್ಲ ತಮ್ಮಷ್ಟಕ್ಕೆ ತಾವೇ ಬೆಳೆದ ಮರಗಳು ಅನ್ನೋ ಹಾಗೆ ನಾವು ಬಳಸ್ತೀವಿ. ನೆರಳು ಬೇಕು, ನೀರು ಹಾಕಿದವರ ವಿಚಾರ ಬೇಡ.

ಇವತ್ತು ಆ ಪುಸ್ತಕದ ಅಂಕಿಅಂಶ ಹಳತಾಗಿದೆ. ಅದರಲ್ಲಿರುವ ಸ್ಥಾನಗಳು 1950ರ ಲೆಕ್ಕದವು. ಭೂಮಿಯ ಅಕ್ಷ ಬುಗುರಿಯಂತೆ ಓಲಾಡುವುದರಿಂದ ಅವನ್ನು ತಿದ್ದಿಕೊಂಡೇ ಬಳಸಬೇಕು. 1989ರಲ್ಲಿ ಹಾರಿದ ಹಿಪಾರ್ಕಸ್ ಉಪಗ್ರಹ ನಕ್ಷತ್ರಗಳ ದೂರವನ್ನು ಹೊಸದಾಗಿ ಅಳೆಯಿತು. ಬರೀ ವಿಳಾಸ ಬೇಕಾದವರಿಗೆ ಮೊಬೈಲು ಸಾಕು. ಆದರೆ ಈ ನಕ್ಷತ್ರವನ್ನು ಯಾಕೆ ನೋಡಬೇಕು, ಹಿಂದೆ ಯಾರ್ಯಾರು ನೋಡಿದ್ದರು, ನೋಡಿ ಏನಂದುಕೊಂಡರು ಅಂತ ಕೇಳುವವರಿಗೆ ಬರ್ನಮ್ ಈಗಲೂ ಬೇಕು.

ಅವನ ನೆನಪಿಗೆ ಒಂದು ಕ್ಷುದ್ರಗ್ರಹವಿದೆ, 3467ನೆಯದು. 'ಬರ್ನಮ್' ಅನ್ನುವ ಹೆಸರು ಇನ್ನೊಬ್ಬ ಹಳೆಯ ಖಗೋಳವಿಜ್ಞಾನಿಗೆ ಆಗಲೇ ಸಂದಿದ್ದರಿಂದ, ಮನೆತನದ ಹಿಂದಿನ ಹೆಸರು 'ಬರ್ನ್‌ಹೈಮ್' ಅಂತ ಇಟ್ಟರು. 2009ರಲ್ಲಿ ಲೊವೆಲ್ ವೀಕ್ಷಣಾಲಯದ ಅಂಗಳದಲ್ಲಿ ಒಂದು ಸಣ್ಣ ಕಂಚಿನ ಫಲಕ ಹಾಕಿದ್ದಾರೆ. ನೋಡಲು ಅದು ಹ್ಯಾಂಡ್‌ಬುಕ್ಕಿನ ಒಂದು ಪುಟದ ಹಾಗೇ ಇದೆ.