ಸಫರ್ ನೆಟ್ಟ ದಾಳಿಂಬೆ ಮತ್ತು ನಮ್ಮ ಹಿತ್ತಲಿನ ಗಿಡ

ಪವಿತ್ರ ಕುರ್‌ಆನಿನಲ್ಲಿ ದಾಳಿಂಬೆಯ (ರುಮ್ಮಾನ್) ಪ್ರಸ್ತಾಪ ಮೂರು ಕಡೆ ಬಂದಿದೆ. ಅಲ್ ಅನ್‌ಆಮ್ ಅಧ್ಯಾಯದಲ್ಲಿ ಎರಡು ಸಲ, ಅರ್ರಹ್ಮಾನ್ ಅಧ್ಯಾಯದಲ್ಲಿ ಒಂದು ಸಲ. ಇದು ನಮ್ಮಲ್ಲಿ ಅನೇಕರಿಗೆ ಗೊತ್ತು. ಆದರೆ ಈ ಹಣ್ಣಿನ ತಳಿಗಳನ್ನು ಆರಿಸಿ, ಬೆಳೆಸಿ, ದೇಶದಿಂದ ದೇಶಕ್ಕೆ ಒಯ್ದವರ ಚರಿತ್ರೆ ನಮ್ಮ ಪಠ್ಯಪುಸ್ತಕಗಳಲ್ಲಿ ಕಾಣುವುದಿಲ್ಲ. ಯುದ್ಧಗಳ ಇಸವಿಗಳನ್ನು ಬಾಯಿಪಾಠ ಮಾಡುವ ವಿದ್ಯಾರ್ಥಿಗಳೇ, ಈ ಸಲ ಒಂದು ಗಿಡದ ಇಸವಿಗಳನ್ನು ನೋಡೋಣ. ಹಿತ್ತಲಿಗೆ ದಾಳಿಂಬೆ ಸಸಿ ತರಲು ನರ್ಸರಿಗೆ ಹೊರಟವರಿಗೂ ಇದು ಉಪಯೋಗಕ್ಕೆ ಬಂದೀತು.

ಕ್ರಿ.ಶ. 750ರಲ್ಲಿ ಡಮಾಸ್ಕಸಿನ ಉಮವೀ ಆಡಳಿತ ಕೊನೆಗೊಂಡು ಅಬ್ಬಾಸಿಯರು ಅಧಿಕಾರಕ್ಕೆ ಬಂದರು. ಉಮವೀ ಮನೆತನದವರನ್ನು ಹುಡುಕಿ ಹುಡುಕಿ ಕೊಲ್ಲಲಾಯಿತು. ತಪ್ಪಿಸಿಕೊಂಡವರಲ್ಲಿ ಖಲೀಫಾ ಹಿಶಾಮರ ಮೊಮ್ಮಗ ಅಬ್ದುರ್ರಹ್ಮಾನ್ ಒಬ್ಬರು. ಉತ್ತರ ಆಫ್ರಿಕಾದಲ್ಲಿ ಅಲೆದು, 755ರಲ್ಲಿ ಸ್ಪೇನಿನ ಕರಾವಳಿಗೆ ಬಂದಿಳಿದು, ಮರುವರ್ಷ, ಅಂದರೆ ಹಿಜರಿ 138ರಲ್ಲಿ, ಕುರ್ತುಬಾದ (ಕೊರ್ದೋಬಾ) ಅಮೀರರಾದರು. 788ರವರೆಗೆ ಆಳಿದರು. ಕುರ್ತುಬಾದ ದೊಡ್ಡ ಮಸೀದಿಯ ಕೆಲಸ ಆರಂಭಿಸಿದವರೂ ಅವರೇ. ಆದರೂ ಹುಟ್ಟೂರು ಅವರ ಮನಸ್ಸಿನಿಂದ ದೂರವಾಗಲಿಲ್ಲ. ಸಿರಿಯಾದಲ್ಲಿ ಅಜ್ಜನಿಗಿದ್ದ ರುಸಾಫಾ ಅರಮನೆಯ ಹೆಸರನ್ನೇ ಇಟ್ಟು ಕುರ್ತುಬಾದ ಹೊರವಲಯದಲ್ಲಿ ಒಂದು ಅರಮನೆ, ತೋಟ ಮಾಡಿಸಿದರು. ಪೂರ್ವದಿಂದ ಬೀಜ, ಸಸಿಗಳನ್ನು ತರಿಸಿ ಅಲ್ಲಿ ನೆಡಿಸಿದರು.

ಹಾಗೆ ಬಂದವುಗಳಲ್ಲಿ ಸಿರಿಯಾದ ದಾಳಿಂಬೆಯೂ ಇತ್ತು. ಅದನ್ನು ಅಮೀರರ ಸಹೋದರಿ ಕಳುಹಿಸಿದರೆಂದು ಒಂದು ವರದಿ. ಖಾಝಿ ಮುಆವಿಯಾ ಇಬ್ನ್ ಸಾಲಿಹ್ ತಂದರೆಂದು ಇನ್ನೊಂದು. 17ನೇ ಶತಮಾನದ ಇತಿಹಾಸಕಾರ ಅಲ್ ಮಕ್ಕರಿ ಈ ಕತೆಯನ್ನು ಸಂಗ್ರಹಿಸಿದ್ದಾರೆ. ಹಣ್ಣನ್ನು ಅಮೀರರು ಆಸ್ಥಾನದವರಿಗೆ ತೋರಿಸಿದಾಗ ಎಲ್ಲರೂ ಹೊಗಳಿದರು. ಅವರ ನಡುವೆ ಸಫರ್ ಇಬ್ನ್ ಉಬೈದ್ ಅಲ್ ಕಿಲಾಈ ಎಂಬವರೂ ಇದ್ದರು. ಅವರು ಹೊಗಳಿ ಸುಮ್ಮನಾಗಲಿಲ್ಲ. ತಮ್ಮ ಪಾಲಿಗೆ ಬಂದ ಹಣ್ಣನ್ನು ಈಗಿನ ಮಾಲಗಾ ಕಡೆಯ ತಮ್ಮ ಹಳ್ಳಿಗೆ ಒಯ್ದು, ಬೀಜ ಬಿತ್ತಿ, ಸಸಿಗಳನ್ನು ಆರೈಕೆ ಮಾಡಿ, ಹಣ್ಣು ಬಿಡುವವರೆಗೆ ಕಾದರು. ಆ ಹಣ್ಣನ್ನು ಅಮೀರರ ಮುಂದೆ ತಂದಿಟ್ಟಾಗ ಅವರಿಗೆ ಸಿರಿಯಾದ ಹಣ್ಣೇ ಮರಳಿ ಬಂದಂತಾಯಿತು. ಸಫರ್‌ಗೆ ಉಡುಗೊರೆ ಸಿಕ್ಕಿತು, ಗಿಡ ರುಸಾಫಾದ ತೋಟಕ್ಕೂ ಅಲ್ಲಿಂದ ನಾಡಿಗೂ ಹರಡಿತು. ಜನ ಅದನ್ನು ‘ಸಫರೀ’ ಎಂದು ಕರೆದರು. ಸಾವಿರದ ಇನ್ನೂರು ವರ್ಷ ಕಳೆದರೂ ಸ್ಪಾನಿಷ್ ನಿಘಂಟಿನಲ್ಲಿ ‘ಸಫರೀ’ ಎಂಬ ದಾಳಿಂಬೆಯ ಹೆಸರು ಹಾಗೇ ಉಳಿದಿದೆ. ಆ ಆಸ್ಥಾನದಲ್ಲಿದ್ದ ಮಂತ್ರಿಗಳಲ್ಲಿ ಎಷ್ಟು ಜನರ ಹೆಸರು ನಮಗೆ ಗೊತ್ತು?

ಇಲ್ಲಿ ಒಂದು ಸೂಕ್ಷ್ಮವನ್ನು ಗಮನಿಸಿ. ದಾಳಿಂಬೆಯ ಬೀಜದಿಂದ ಹುಟ್ಟಿದ ಗಿಡ ತಾಯಿಗಿಡದಂತೆಯೇ ಇರುತ್ತದೆಂಬ ಖಾತ್ರಿಯಿಲ್ಲ. ಒಂದೇ ಹಣ್ಣಿನ ನೂರು ಬೀಜ ಬಿತ್ತಿದರೆ ಸಿಹಿ, ಹುಳಿ, ಗಟ್ಟಿ ಬೀಜ, ಮೆತ್ತನೆ ಬೀಜ ಎಲ್ಲವೂ ಬರಬಹುದು. ಆದ್ದರಿಂದ ಸಫರ್ ಸಿರಿಯಾದ ತಳಿಯನ್ನು ಉಳಿಸಿದರು ಎನ್ನುವುದಕ್ಕಿಂತ ಸ್ಪೇನಿನ ಮಣ್ಣಿಗೆ ಒಂದು ಹೊಸ ತಳಿಯನ್ನು ಕೊಟ್ಟರು ಎನ್ನುವುದೇ ಸರಿ ಎಂದು ನನ್ನ ಅಭಿಪ್ರಾಯ. ಬೀಜದಲ್ಲಿ ಬಂದ ಒಳ್ಳೆಯ ಗುಣವನ್ನು ಹಾಗೇ ಕಾಯ್ದುಕೊಳ್ಳಬೇಕಾದರೆ ಕಡ್ಡಿಯಿಂದಲೋ ಗೂಟಿಯಿಂದಲೋ ಸಸಿ ಮಾಡಬೇಕು.

ಅಂದಲೂಸಿನವರು ಈ ವಿದ್ಯೆಯನ್ನು ಗ್ರಂಥಕ್ಕೆ ಇಳಿಸಿದರು. 11ನೇ ಶತಮಾನದಲ್ಲಿ ತುಲೈತುಲಾದ (ಟೊಲೆಡೊ) ಇಬ್ನ್ ಬಸ್ಸಾಲ್ ತಮ್ಮ ಕೈಯಾರೆ ಮಾಡಿ ನೋಡಿದ್ದನ್ನು ಬರೆದರು. 1085ರಲ್ಲಿ ಆ ನಗರ ಕೈಬಿಟ್ಟಾಗ ಇಶ್ಬೀಲಿಯಾಕ್ಕೆ (ಸೆವಿಲ್ಲೆ) ಹೋಗಿ ಅಲ್ಲಿ ತೋಟ ಮುಂದುವರಿಸಿದರು. ಮುಂದೆ 12ನೇ ಶತಮಾನದ ಕೊನೆಯಲ್ಲಿ ಅದೇ ಇಶ್ಬೀಲಿಯಾದ ಇಬ್ನುಲ್ ಅವ್ವಾಮ್ ‘ಕಿತಾಬುಲ್ ಫಿಲಾಹಾ’ ಬರೆದು ಐನೂರಕ್ಕೂ ಹೆಚ್ಚು ಸಸ್ಯಗಳ ಕೃಷಿಯನ್ನು ವಿವರಿಸಿದರು. ಗ್ರನಾಡಾ ನಗರದ ಲಾಂಛನದಲ್ಲಿ ಇಂದಿಗೂ ದಾಳಿಂಬೆ ಇದೆ. ಆ ಊರಿನ ಹೆಸರೇ ಹಣ್ಣಿನಿಂದ ಬಂತೆನ್ನುವುದನ್ನು ಮಾತ್ರ ವಿದ್ವಾಂಸರೆಲ್ಲ ಒಪ್ಪುವುದಿಲ್ಲ.

ಪೂರ್ವದ ಕಡೆಗೆ ಬಂದರೆ ಬಾಬರ್. ತನ್ನ ಆತ್ಮಕತೆಯಲ್ಲಿ ಫರ್ಗಾನಾ ಕಣಿವೆಯನ್ನು ವರ್ಣಿಸುವಾಗ ಖುಜಂದಿನ ದಾಳಿಂಬೆಯ ಖ್ಯಾತಿಯನ್ನು ಹೇಳುತ್ತಾನೆ. ಮರ್ಗಿಲಾನಿನ ‘ದಾನಾ-ಎ-ಕಲಾಂ’, ಅಂದರೆ ದೊಡ್ಡ ಕಾಳಿನ ದಾಳಿಂಬೆಯನ್ನು ಇರಾನಿನ ಸೆಮ್ನಾನಿನ ಹಣ್ಣಿನೊಂದಿಗೆ ಹೋಲಿಸುತ್ತಾನೆ. ತಳಿ ತಳಿಗೂ ವ್ಯತ್ಯಾಸ ಗುರುತಿಸುವ ನಾಲಗೆ ಅದು.

ಇನ್ನು ನಮ್ಮ ದಖ್ಖನ್ನಿಗೆ ಬರೋಣ. ಬಾಗಲಕೋಟೆ, ವಿಜಯಪುರ, ಕೊಪ್ಪಳದ ರೈತರು ದಾಳಿಂಬೆ ಹೂಬಿಡುವ ಹಂಗಾಮನ್ನು ‘ಬಹಾರ್’ ಎನ್ನುತ್ತಾರೆ. ಹಸ್ತ ಬಹಾರ್, ಮೃಗ ಬಹಾರ್, ಅಂಬೆ ಬಹಾರ್. ಮಳೆ ನಕ್ಷತ್ರದ ಹೆಸರಿಗೆ ವಸಂತವೆಂಬ ಅರ್ಥದ ಪಾರಸಿ ಪದ ಹೀಗೆ ಜೊತೆಯಾಗಿದೆ. ತಳಿಗಳ ವಂಶಾವಳಿಯೂ ಹೀಗೆಯೇ. 1936ರಲ್ಲಿ ಪುಣೆಯ ಗಣೇಶಖಿಂಡದಲ್ಲಿ ಡಾ. ಜಿ.ಎಸ್. ಚೀಮಾ ಅವರು ‘ಆಳಂದಿ’ ತಳಿಯ ಬೀಜದ ಸಸಿಗಳಿಂದ ಮೆತ್ತನೆ ಬೀಜದ ಒಂದು ಗಿಡವನ್ನು ಆರಿಸಿದರು. ಸಫರ್ ಮಾಡಿದ್ದೂ ಇದೇ ಕೆಲಸ ತಾನೆ! ಆ ಗಿಡಕ್ಕೆ 1970ರಲ್ಲಿ ‘ಗಣೇಶ್’ ಎಂಬ ಹೆಸರಾಯಿತು. ಆಮೇಲೆ ರಾಹುರಿಯ ಕೃಷಿ ವಿಶ್ವವಿದ್ಯಾಲಯದವರು ಅದನ್ನು ರಷ್ಯಾ ಮೂಲದ ಕೆಂಪು ‘ಗುಲ್-ಎ-ಶಾಹ್’ನೊಂದಿಗೆ ಸಂಕರ ಮಾಡಿದರು. ಅದರಿಂದ ಮೃದುಲಾ, ಆರಕ್ತಾ, ಭಗವಾ ಬಂದವು. ಇಂದು ಮಾರುಕಟ್ಟೆಯಲ್ಲಿ ಮಿರಮಿರನೆ ಕೆಂಪಾಗಿ ಕಾಣುವುದು ಹೆಚ್ಚಾಗಿ ಭಗವಾ.

ಇಲ್ಲೇ ಒಂದು ಆತಂಕವೂ ಇದೆ. ಸಾಗಾಣಿಕೆ ತಾಳುವ ಗಟ್ಟಿ ಸಿಪ್ಪೆ, ಒಳ್ಳೆಯ ಬಣ್ಣ, ಒಳ್ಳೆಯ ದರ ಎಂದು ಎಲ್ಲರೂ ಒಂದೇ ತಳಿಯ ಹಿಂದೆ ಬಿದ್ದರು. 2000ದ ದಶಕದಲ್ಲಿ ದುಂಡಾಣು ಅಂಗಮಾರಿ ರೋಗ ಬಂದು ಉತ್ತರ ಕರ್ನಾಟಕದ ತೋಟಗಳನ್ನು ಹಾಳುಮಾಡಿತು. ಎಷ್ಟೋ ರೈತರು ಗಿಡಗಳನ್ನೇ ಕಿತ್ತೆಸೆದರು. ರೋಗ ತಾಳುವ ಗುಣವನ್ನು ಹುಡುಕಬೇಕಾದರೆ ಬೇರೆ ಬೇರೆ ತಳಿಗಳು ಎಲ್ಲಾದರೂ ಉಳಿದಿರಬೇಕು. ಹಿತ್ತಲಿನ ಹಳೆಯ ನಾಟಿ ಗಿಡ ಹುಳಿಯೆಂದು ಕಡಿಯುವ ಮೊದಲು ಇದನ್ನು ಯೋಚಿಸಿ.

ನೀವೀಗ ಯಾವುದನ್ನು ನೆಡುತ್ತೀರಿ? ಒಣಹವೆಯ ಬಯಲುಸೀಮೆಯಾದರೆ ನಿಮ್ಮ ಭಾಗ್ಯ. ಮಕ್ಕಳು, ವೃದ್ಧರು ತಿನ್ನಲು ಗಣೇಶ್ ಸಾಕು. ಕಾಳು ತಿಳಿಗುಲಾಬಿ, ಬೀಜ ಮೆತ್ತಗೆ. ಬಣ್ಣ ಬೇಕೆಂದರೆ ಭಗವಾ, ಆದರೆ ಹೂವಿನಿಂದ ಹಣ್ಣಿಗೆ ಸುಮಾರು ಆರು ತಿಂಗಳು ಕಾಯಬೇಕು. ಮೃದುಲಾ ಅದಕ್ಕಿಂತ ಬೇಗ. ಕರಾವಳಿ, ಮಲೆನಾಡಿನ ಮಳೆಗೆ ಯಾವ ತಳಿಯೂ ಚೆನ್ನಾಗಿ ಒಗ್ಗುವುದಿಲ್ಲ. ಅಲ್ಲಿ ಮಾಡಿನ ಕೆಳಗೆ ಬಿಸಿಲು ಬೀಳುವ ಕಡೆ ದೊಡ್ಡ ಕುಂಡದಲ್ಲಿಟ್ಟು ನೋಡಬಹುದು. ಎಲ್ಲಿಯಾದರೂ ಗೂಟಿ ಕಟ್ಟಿದ ರೋಗವಿಲ್ಲದ ಸಸಿಯನ್ನೇ ಕೇಳಿ ತನ್ನಿ. ಹಣ್ಣು ಬಲಿಯುವಾಗ ನೀರು ಒಂದು ದಿನ ಹೆಚ್ಚು, ನಾಲ್ಕು ದಿನ ಇಲ್ಲ ಎಂದಾದರೆ ಸಿಪ್ಪೆ ಒಡೆಯುತ್ತದೆ. ಗಿಡದ ಪಕ್ಕದಲ್ಲಿ ಜಾಗವಿದ್ದರೆ ನಾಲ್ಕು ಬೀಜವನ್ನೂ ಬಿತ್ತಿ ನೋಡಿ. ಹಣ್ಣಿಗೆ ಮೂರ್ನಾಲ್ಕು ವರ್ಷ ಬೇಕಾದೀತು.