ಪ್ರಾಣ ಕೊಡುವ ವೇಳೆ

ಊಟದ ವೇಳೆ, ಪರೀಕ್ಷೆಯ ವೇಳಾಪಟ್ಟಿ, ವೇಳೆ ಮೀರಿತು. ಇಂದು ನಮಗೆ 'ವೇಳೆ' ಎಂದರೆ ಹೊತ್ತು, ಅಷ್ಟೇ. ಶಾಸನಗಳ ಕನ್ನಡದಲ್ಲಿ ಅದರ ಜೊತೆ 'ಪಾಳಿ' ಸೇರಿ 'ವೇಳೆವಾಳಿ' ಆದರೆ ಅದು ಸಾವಿನ ವ್ರತ. ಒಡೆಯ ಸತ್ತಾಗ ತಾನೂ ಸಾಯುತ್ತೇನೆಂದು ಮಾತು ಕೊಟ್ಟವನು ವೇಳೆವಡಿಚ. ಇದರ ನೆರೆಯ ಪದ 'ಜೋಳವಾಳಿ'. ಅದು ಉಂಡ ಅನ್ನದ ಋಣ, ರಣದಲ್ಲಿ ಹೋರಾಡಿ ತೀರಿಸುವಂಥದು. ವೇಳೆವಾಳಿಗೆ ಯುದ್ಧವೇ ಬೇಕಿಲ್ಲ. ದೊರೆ ಹಾಸಿಗೆಯಲ್ಲಿ ಸತ್ತರೂ ಮಾತು ಮಾತೇ.

ಹಳೇಬೀಡಿನ ಹೊಯ್ಸಳೇಶ್ವರ ಗುಡಿಯ ದಕ್ಷಿಣಕ್ಕೊಂದು ಕಂಬವಿದೆ. ಭಿತ್ತಿಶಿಲ್ಪ ನೋಡುವ ಭರದಲ್ಲಿ ಬಹಳ ಮಂದಿ ಅದನ್ನು ದಾಟಿ ಹೋಗುತ್ತಾರೆ. ದಯವಿಟ್ಟು ನಿಂತು ನೋಡಬೇಕು. ಅದರ ಮೇಲಿನ ವೀರರ ಕತ್ತಿ ಶತ್ರುವಿನ ಮೇಲೆತ್ತಿದ್ದಲ್ಲ, ತಮ್ಮದೇ ಕೈಗೆ, ತಮ್ಮದೇ ಕೊರಳಿಗೆ ಹಿಡಿದದ್ದು. 1220ರಲ್ಲಿ ಹೊಯ್ಸಳ ದೊರೆ ಇಮ್ಮಡಿ ಬಲ್ಲಾಳ ತೀರಿಕೊಂಡಾಗ, ಅವನು ಮಗನಂತೆ ಬೆಳೆಸಿದ್ದ ದಂಡನಾಯಕ ಕುವರ ಲಕ್ಷ್ಮ ಪ್ರಾಣ ಕೊಟ್ಟ. ಹೆಂಡತಿ ಸುಗ್ಗಲದೇವಿಯೂ ಅವನ ಜೊತೆ ಹೋದಳು. ಅವನನ್ನು ನಂಬಿದ ಸಾವಿರ ವೀರರ ಪಡೆಯೂ ಹೋಯಿತೆನ್ನುತ್ತದೆ ಆ ಕಂಬದ ಶಾಸನ. ಇಂಥವರಿಗೆ 'ಗರುಡ' ಎಂಬ ಬಿರುದೂ ಇತ್ತು. ಆ ಸಾವಿರದಲ್ಲಿ ಮನಸಾರೆ ಸತ್ತವರೆಷ್ಟು, ಹಿಂದೆ ಸರಿಯಲು ನಾಚಿ ಸತ್ತವರೆಷ್ಟು? ಬಿರುದು ಓದುವಾಗಲೆಲ್ಲ ನನ್ನನ್ನು ಕಾಡುವುದು ಈ ಪ್ರಶ್ನೆಯೇ.

ಸಂಸ್ಕೃತದ 'ವೇಲಾ' ಕಾಲವೂ ಹೌದು, ಸಮುದ್ರದ ದಡವೂ ಹೌದು, ಎಲ್ಲೆಯೂ ಹೌದು. ವೇಳೆವಾಳಿಯಲ್ಲಿ ಕಾಲಕ್ಕಿಂತ ಎಲ್ಲೆಯೇ ಹೆಚ್ಚು ಕೇಳಿಸುತ್ತದೆಂದು ನನಗನ್ನಿಸುತ್ತದೆ: ಒಡೆಯನ ಬದುಕು ಮುಗಿದಲ್ಲೇ ತನ್ನ ಬದುಕಿನ ಗಡಿ. ಹತ್ತನೆಯ ಶತಮಾನದ ಅರಬ್ ಲೇಖಕ ಅಬು ಝೈದ್, ಭಾರತದ ಕೆಲವು ಅರಸರು ಪಟ್ಟಕ್ಕೇರುವಾಗ ಅವರೊಡನೆ ಅನ್ನ ಉಂಡವರು ಅರಸ ಸತ್ತ ದಿನವೇ ಬೆಂಕಿಗೆ ಬೀಳುತ್ತಿದ್ದರೆಂದು ಬರೆದಿದ್ದಾನೆ. ಅಲ್ಲಿ ಅನ್ನದ ಋಣ, ಸಾವಿನ ವೇಳೆ ಎರಡೂ ಒಂದೇ ತಟ್ಟೆಯಲ್ಲಿವೆ.

ತಮಿಳಿನಲ್ಲಿ ಇದೇ ಬಳಗದವರು 'ವೇಳೈಕ್ಕಾರರು'. ಚೋಳರ ಪಡೆಗಳಲ್ಲಿದ್ದರು, ಲಂಕೆಯ ಅರಸರ ಬಳಿಯೂ ಇದ್ದರು. 1070ರಲ್ಲಿ ಚೋಳರನ್ನು ಪೊಲೊನ್ನರುವದಿಂದ ಓಡಿಸಿದ ಲಂಕೆಯ ಅರಸ ಒಂದನೆಯ ವಿಜಯಬಾಹು ಮುಂದೆ ಇವರನ್ನೇ ಚೋಳರ ಮೇಲೆ ಕಳಿಸಲು ಹೊರಟಾಗ ಇವರು ದಂಗೆಯೆದ್ದರು, ಅರಮನೆಗೆ ಬೆಂಕಿಯಿಟ್ಟರು. ಅರಸ ದಂಗೆಯನ್ನು ಕ್ರೂರವಾಗಿ ಅಡಗಿಸಿದ. ಅವನು ತೀರಿಕೊಂಡ ಮೇಲೆ ವೇಳೈಕ್ಕಾರರು ಪೊಲೊನ್ನರುವದಲ್ಲಿ ತಮಿಳು ಶಾಸನವೊಂದನ್ನು ಕೆತ್ತಿಸಿದರು. ಅದರಲ್ಲಿ ಅವರು ಕಾಯುತ್ತೇವೆಂದು ಮಾತು ಕೊಟ್ಟಿರುವುದು ಯಾವ ಅರಸನನ್ನೂ ಅಲ್ಲ, ಬುದ್ಧನ ದಂತವಿದ್ದ ಗುಡಿಯನ್ನು.